ಗಾಳಿ ಅಳೆಯೂ ಮುಳ್ಳು

ಜತ್ತ ತಾಲೂಕಿನ ಗಡಿಯೂರು ತಿಕೋಂಡಿಯ ಬಸ್ ಸ್ಟ್ಯಾಂಡಿನ ಎದುರಿಗಿ ಸೈಕಲ್ ಅಂಗಡಿ ಇಟ್ಟಿದ್ದ ಮುಕ್ತಾರ ನದಾಫ ಹುಟ್ಟಾ ಅಂಜುಬುರುಕ. ಇದನ್ನ ಊರವರು ಹೇಳಬೇಕಾಗಿರಲಿಲ್ಲ, ಆಂವ ತಾನ ಹೇಳ್ಕೊಂತಿದ್ದ. ನಾಯಿ ಬೊಗಳಿದ್ರ ಅಂಜಿಕಿ, ಪೋಲೀಸ ಜೀಪ ಹಾದ್ರ ಅಂಜಿಕಿ, ಗುಡುಗಿದ್ರಂತೂ ನಲವತ್ತು ವರ್ಸದ ಗಂಡಸು ಹೆಂಡ್ತಿ ಶಮಾನ ಮಗ್ಗಲದಾಗ ಹೋಗಿ ಕುಂದ್ರಾಂವ. ಇಂಥವನ ಕೈಯಾಗ ಒಂದು ಬಸುರಿ ಹೆಣ್ಣುಮಗಳ ಜೀವಾ ಬಂದು ಕುಂತಿತು ನೋಡ್ರಿ. ಅದೂ ಯಾತರ ಸಲುವಾಗಿ? ನೀರಿನ ರಾಕೆಟ್ಟು ಎಷ್ಟು ಎತ್ತರ ಹೋಗತೈತಿ ಅಂತ ಅಳೆಯಾಕ ತಂದ ಅಂಗೈಯಗಲದ ಒಂದು ಯಂತ್ರದ ಸಲುವಾಗಿ. ಅಂಜುವವನ ಮ್ಯಾಲ ಕಪ್ಪಿ ಒಗದಂಗ ಅಂತಾರಲ್ಲ, ಹಂಗಾತು.

ಅಂಜುಬುರುಕ ಅಂದ್ರ ಕೆಲಸಗೇಡಿ ಅಲ್ಲ ಮತ್ತ. ಪಂಕ್ಚರ್ ತಿದ್ದೂದ್ರಾಗ ದರಿಬಡಚಿ ತನಕ ಅವನ ಸರಿಸಾಟಿ ಯಾರೂ ಇರಲಿಲ್ಲ. ಖರೆ ಹವಾ ಹಾಕೂವಾಗ ಮಾತ್ರ ಮಾರಿ ಆಕಡಿ ತಿರುವಿ, ಕಣ್ಣು ಮುಚ್ಚಿ, ದೇವರ ಹೆಸರು ತಗೊಂಡು ಪಂಪ ಒತ್ತಾಂವ. ಅದಕ್ಕೊಂದು ಕಾರಣಾನೂ ಇತ್ತು. ಸಣ್ಣಾಂವ ಇದ್ದಾಗ ಅಪ್ಪನ ಅಂಗಡ್ಯಾಗ ಟ್ರ್ಯಾಕ್ಟರಿನ ಟಾಯರ ಒಡದು, ಅಪ್ಪನ ಮುಂಗೈ ಮುರದಿತ್ತು, ಇವನ ಎಡಗಿವಿ ಅರ್ಧಾ ಕಿವುಡಾಗಿತ್ತು. ದಿನಾ ಬೆಳಗಾದ್ರ ಹವಾ ತುಂಬಿ ಹೊಟ್ಟಿ ತುಂಬಿಸಿಕೊಳ್ಳೂ ಮನಿಷ್ಯಾ ಹವಾಕ್ಕನ ಅಂಜತಿದ್ದ. ಶಮಾ ನಗತಿದ್ಲು: "ಅಜೀ, ಅಗಸ ನೀರಿಗಿ ಅಂಜಿದಂಗ ಆತು ನಿಮ್ಮದು."

ಎರಡು ಸಾವಿರದ ಮೂರನೇ ಇಸವಿ, ಚಳಿಗಾಲ. ಕನ್ನಡ ಸಾಲಿಯ ಶ್ರೀಶೈಲಪ್ಪ ಗುರೂಜಿ ಎರಡು ಲೀಟರಿನ ಥಂಡಾ ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಡಕೊಂಡು ಅಂಗಡಿಗಿ ಬಂದ್ರು. ತಾಲೂಕಿನ ವಿಜ್ಞಾನ ಪ್ರದರ್ಶನಕ್ಕ ಏನರ ಒಯ್ಯಬೇಕಾಗಿತ್ತು ಅವರಿಗಿ.

"ಮುಕ್ತಾರಾ, ಇದರ ಬಾಯಿಗಿ ಒಂದು ರಬ್ಬರ ಬೂಚ ಕೂಡ್ಸು. ಬೂಚಿನ ನಡಬರಕ ಸೈಕಲ್ಲಿನ ವಾಲ್ ಹಾಕು. ಉಳಿದದ್ದು ಸಾಲಿ ಮೈದಾನದಾಗ ತೋರಸ್ತೀನಿ."

ಮೈದಾನದಾಗ ಗುರೂಜಿ ಬಾಟಲಿಗಿ ಕಾಲಭಾಗ ನೀರು ಹಾಕಿ, ತಲಿಕೆಳಗ ಮಾಡಿ ನಿಲ್ಲಿಸಿ, ಪಂಪ ಒತ್ತಿದ್ರು. ಮುಕ್ತಾರ ಸಾಲಿ ಗೋಡಿ ಹಿಂದ ಅಡಗಿ ಬಲಗಣ್ಣು ಒಂದ ಹೊರಗ ಹಾಕಿ ನೋಡ್ತಿದ್ದ. ಬುಸ್ಸ್ ಅಂತ ನೀರು ಉಗುಳಿ ಬಾಟಲಿ ಬೇವಿನ ಗಿಡದ ತುದಿ ದಾಟಿ ಹೋತು! ಅವನ ಎದಿ ಡವಡವ ಹೊಡ್ಕೊಂತಿತ್ತು, ಕಣ್ಣು ಮಾತ್ರ ಮ್ಯಾಲಿಂದ ಇಳೀಲಿಲ್ಲ. ಹವಾ ಇಷ್ಟು ಜೋರಿಲೆ ಸಿಡದು ಯಾರನ್ನೂ ಹೊಡೀದ ಹೋಗಿದ್ದನ್ನ ಆಂವ ಅವತ್ತ ಮೊದಲ ನೋಡಿದ್ದು. ಮನಿಗಿ ಬಂದು ಎರಡು ಸಲಾ ಊಟ ಮಾಡಿದ.

ಅಲ್ಲಿಂದ ಹತ್ತಿತು ಹುಚ್ಚು. ರವಿವಾರ ಬಂತಂದ್ರ ಗುರೂಜಿ, ಮುಕ್ತಾರ, ಒಂದು ಬಾಟಲಿ, ಒಂದು ಪಂಪ. ಹಳೇ ಫೈಲಿನ ಹೊದಿಕಿ ಕತ್ತರಿಸಿ ರೆಕ್ಕಿ ಹಚ್ಚೂದು, ನೀರು ಹೆಚ್ಚು ಕಮ್ಮಿ ಮಾಡೂದು. ಖರೆ ಪ್ರತಿ ಸಲಾ ಜಗಳ. ಗುರೂಜಿ ನೂರಾ ಐವತ್ತು ಫೂಟ ಹೋತು ಅನ್ನವರು. ಮುಕ್ತಾರ, ನೂರು ದಾಟಿಲ್ರೀ ಗುರೂಜಿ, ನನ್ನ ಆಣಿ, ಅನ್ನಾಂವ. ಪ್ರದರ್ಶನದಾಗ ಸಾಹೇಬರು "ಎತ್ತರ ಎಷ್ಟು?" ಅಂದ್ರ "ಬೇವಿನ ಗಿಡದಕಿಂತ ಎತ್ತರ ರೀ" ಅನ್ನಾಕ ಆಗತೈತೇನು? ಎತ್ತರ ಅಳೆಯೂ ಒಂದು ಸಾಧನ ಬೇಕು, ಮತ್ತ ಅದು ಸೈಕಲ್ ಅಂಗಡಿಯವಗ ನಿಲುಕಬೇಕು.

ಮೊದಲ ದರ್ಜಿ ಹತ್ರ ದಾರದ ಉಂಡಿ ತಂದು ಬಾಟಲಿಗಿ ಕಟ್ಟಿ ಬಿಟ್ರು. ದಾರ ಗಿಡಕ್ಕ ಸುತಗೊಂಡು ರಾಕೆಟ್ಟು ಗುರೂಜಿ ಟೋಪಿಗಿ ಬಡೀತು. ಆಮ್ಯಾಲ ಕಂಪಾಸ ಪೆಟ್ಟಿಗಿಯೊಳಗಿನ ಕೋನಮಾಪಕಕ್ಕ ದಾರ ಕಟ್ಟಿ, ದಾರದ ತುದಿಗಿ ನಟ್ಟು ತೂಗಬಿಟ್ಟು, ಐವತ್ತು ಹೆಜ್ಜಿ ದೂರ ನಿಂತು ರಾಕೆಟ್ಟಿಗಿ ಗುರಿ ಹಿಡದು ಕೋನ ಓದಿದ್ರು. ಗಾಳಿಗಿ ರಾಕೆಟ್ಟು ವಾಲಿದ್ರ ಲೆಕ್ಕ ತಪ್ಪತಿತ್ತು. ಮ್ಯಾಲ ಅದಕ್ಕ ಬಯಲಿನ್ಯಾಗ ನಿಂತು ನೋಡಬೇಕು, ಮುಕ್ತಾರಗ ಗೋಡಿ ಬೇಕು. ಗುರೂಜಿ ಸಾಂಗಲಿಗಿ ಹೋದಾಗ ಇಂಟರನೆಟ್ಟಿನ್ಯಾಗ ನೋಡಿ ಬಂದ್ರು: ಅಮೇರಿಕಾದಾಗ ಬೆಂಕಿಪೆಟ್ಟಿಗಿಯಷ್ಟಗಲದ ಯಂತ್ರ ಸಿಗತೈತಂತ, ತೂಕ ಇಲ್ಲ, ಎಷ್ಟು ಎತ್ತರ ಹೋಗಿದ್ದೆ ಅಂತ ನೆನಪಿಟ್ಟು ತಾನ ಹೇಳತೈತಂತ. ಅದರ ಬೆಲಿ ಕೇಳಿ ಮುಕ್ತಾರ ಕುಂತಲ್ಲೆ ಕುಂತ. ಗುಡ್ಡಾ ಹತ್ತವರು ಕಟ್ಟೂ ಎತ್ತರ ತೋರ್ಸೂ ಕೈಗಡಿಯಾರ ಒಂದೈತಿ ಅಂದ್ರು, ಅದೂ ಅಂಗಡಿ ಮಾರಿದ್ರ ಬರೂವಂಥಾದ್ದು.

ಕಡಿಗಿ ಮಿರಜಿನ ಜುನಾ ಬಜಾರದಾಗ, ಹಳೇ ಸಾಮಾನಿನ ಸಂತ್ಯಾಗ, ಸಿಕ್ಕಿತು. ಟ್ಯೂಬ ತರಾಕ ಹೋದಾಗ ಗುಜರಿ ಸಾಮಾನಿನ ನಡುವ ಒಂದು ಹಿತ್ತಾಳಿ ಡಬ್ಬಿ, ಮ್ಯಾಲ ಕಾಜು, ಒಳಗ ಗಡಿಯಾರದಂಗ ಒಂದ ಮುಳ್ಳು, ಸುತ್ತೂ ಸಾವಿರ, ಎರಡು ಸಾವಿರ ಅಂತ ಅಂಕಿ. ಮೊದಲ ಜಮೀನ ಅಳೆಯೂ ಮೋಜಣಿ ಸಾಹೇಬರು ಗುಡ್ಡದ ಎತ್ತರ ನೋಡಾಕ ಒಯ್ತಿದ್ರು ಅಂದ ಗುಜರಿಯಾಂವ. ಮಗ್ಗಲಿಗಿ ಒಂದು ಸಣ್ಣ ತಿರುಪು ಇತ್ತು, ಏರೂಕಿಂತ ಮೊದಲ ಅದನ್ನ ತಿರುವಿ ಮುಳ್ಳು ಸೊನ್ನಿಗಿ ತಂದು ನಿಲ್ಲಸಬೇಕು. ಎರಡು ಸೈಕಲ್ ಟಾಯರಿನ ರೊಕ್ಕಕ್ಕ ಕೊಟ್ಟ. ಮುಕ್ತಾರ ಅದನ್ನ ಬನಿಯನ್ನಿನೊಳಗ ಇಟ್ಕೊಂಡು, ಪೋಲೀಸರು ಕೇಳಿದ್ರ ಏನ ಹೇಳ್ಲಿ ಅಂತ ದಾರಿ ತುಂಬಾ ಬೆವತು ಮನಿಗಿ ಬಂದ.

ತಕ್ಕಡ್ಯಾಗ ಇಟ್ರ ಪಾವ ಕಿಲೋದ ಸನೇಕ ಬಂತು. ಖಾಲಿ ಬಾಟಲಿ ಅದರ ಕಾಲಭಾಗಾನೂ ತೂಗೂದಿಲ್ಲ. ಇದನ್ನ ಹೊತ್ತ ರಾಕೆಟ್ಟು ಏರೂದೆಷ್ಟು, ಮ್ಯಾಲಿಂದ ಹಿತ್ತಾಳಿ ಯಾರರೆ ತಲಿ ಮ್ಯಾಲ ಬಿದ್ರ? ಹೊಸಾ ಅಂಜಿಕಿ ಶುರುವಾತು. ಹಗರ ಮಾಡೂ ದಾರಿ ಸಿಗೂ ತನಕ ಇರಲಿ ಅಂತ ಅದನ್ನ ಅಂಗಡಿ ಟೇಬಲ್ಲಿನ ಮ್ಯಾಲ ಇಟ್ಟ. ಮುಂಜಾನಿ ಹತ್ತಕ್ಕ ಮುಳ್ಳು ಸೊನ್ನಿಗಿ ತಂದಿಟ್ಟಿದ್ದ. ನಾಕು ಗಂಟೆಕ ನೋಡ್ತಾನ, ನೂರು ಫೂಟ ಏರೈತಿ! ಟೇಬಲ್ಲು ಅಲ್ಲೇ ಐತಿ, ಅಂಗಡಿ ಅಲ್ಲೇ ಐತಿ. ಯಾರೂ ಮುಟ್ಟಿಲ್ಲ. ಮುಕ್ತಾರ ಅಂಗಡಿ ಬಾಗಲಾ ತೆರದ ಬಿಟ್ಟು ಗುರೂಜಿ ಮನಿಗಿ ಓಡಿದ.

ಗುರೂಜಿ ಹೊಟ್ಟಿ ಹಿಡಕೊಂಡು ನಕ್ರು. "ಹುಚ್ಚಪ್ಪಾ, ಅದು ಖರೇನ ಅಳೆಯೂದು ಗಾಳಿಯ ಒತ್ತಡ. ಮ್ಯಾಲ ಹೋದಂಗ ಗಾಳಿ ಹಗರಾಗತೈತಿ, ಮುಳ್ಳು ಏರತೈತಿ. ದಿನಾ ಮಧ್ಯಾಹ್ನದ ಮ್ಯಾಲೂ ಗಾಳಿ ಈಟು ಹಗರಾಗತೈತಿ, ಅದಕ್ಕ ಏರೈತಿ. ಬೆಳಗಾದ್ರ ತಾನ ಇಳೀತೈತಿ ಹೋಗು."

ಇಲ್ಲೇ ಮುಕ್ತಾರ ತಪ್ಪಿದ್ದು. ಟೇಬಲ್ಲಿನ ಮ್ಯಾಲಿಂದು ಏನೋ ಇದು ಅಂತ ಮಂದಿ ಕೇಳಿದಾಗ, ಗುರೂಜಿ ಬಾಯಿಂದ ಬಂದ ಪುಸ್ತಕದ ಮಾತು ಆಡಿ ಶಾಣ್ಯಾ ಅನಿಸ್ಕೊಳ್ಳೂ ಆಸೆ ಆತು. "ಇದು ಗಾಳಿ ಅಳೀತೈತ್ರಿ" ಅಂದ. ಜನ್ಮವೆಲ್ಲಾ ಹವಾ ಅಂತನ ಅಂದಾಂವ. ಹವಾ ಹಾಕೂದು, ಹವಾ ಬಿಡೂದು, ಹವಾ ನೋಡೂದು. ಹವಾ ಅಳೀತೈತಿ ಅಂದಿದ್ರ ಯಾರೂ ಎರಡನೇ ಮಾತು ಕೇಳ್ತಿರಲಿಲ್ಲ. ನಮ್ಮ ಸೀಮ್ಯಾಗ ಗಾಳಿ ಅಂದ್ರ ಬೀಸೂ ಗಾಳಿ ಒಂದ ಅಲ್ಲಲ್ಲ. ಹಳ್ಳದಾಗ ಬಡಿಯೂ ಗಾಳಿ, ಹುಣಸಿ ಗಿಡದ ಬುಡಕ ಹಿಡಿಯೂ ಗಾಳಿ, ಬಾಣಂತಿ ಮೈಯಾಗ ಹೊಗೂ ಗಾಳಿ. ಮುಳ್ಳು ತಾನ ಸರಿದದ್ದನ್ನ ನಾಕು ಮಂದಿ ಕಣ್ಣಾರೆ ಕಂಡಿದ್ರು ಬ್ಯಾರೆ. ಊರ ಬಾಯಿಗಿ ಕೈ ಅಡ್ಡ ಹಿಡಿಯಾಕ ಆಗತೈತೇನು? ಗಾಳಿ ಆದವರು ಹತ್ರ ಬಂದ್ರ ಮುಕ್ತಾರನ ಮಶಿನ್ ಹಿಡೀತೈತಂತ ಅಂತ ವಾರದೊಳಗ ಹೊಲದಾಗಿನ ವಸ್ತಿ ವಸ್ತಿಗೂ ಸುದ್ದಿ ಮುಟ್ಟಿತು.

ಒಂದಿನ ನಾಕರ ಮ್ಯಾಲ ಮಲಕಾಜಪ್ಪ ಬಂದ. ಊರಿಂದ ಒಂದು ಮೈಲು ಆಕಡಿ ವಸ್ತಿ ಮ್ಯಾಲ ಕುರಿ ಕಾಯ್ಕೊಂಡಿದ್ದ ಮನಿಷ್ಯಾ, ಮಾತು ಕಮ್ಮಿ, ಹಟಾ ಜಾಸ್ತಿ. ಹಿಂದ ಹೆಂಡ್ತಿ ಇಂದ್ರಾಬಾಯಿ. ಆಕಿ ಭುಜಾ ಹಿಡಕೊಂಡು ಮಗಳು ಪೂನಮ, ಚೊಚ್ಚಲ ಬಾಣಂತನಕ್ಕ ದರಿಬಡಚಿಯಿಂದ ತವರಿಗಿ ಬಂದಾಕಿ, ಎಂಟು ತಿಂಗಳು ತುಂಬಿತ್ತು.

"ಗಾಳಿ ಅಳೆಯೂ ಮಶಿನ್ ತಂದಿಯಂತಲ್ಲ ಮುಕ್ತಾರಾ. ಇಕಿದು ಅಳದು ಹೇಳು" ಅಂದ ಮಲಕಾಜಪ್ಪ.

ಮುಕ್ತಾರ ಕೈಯಾಗಿನ ಪಾನಾ ಕೆಳಗಿಟ್ಟ. "ಏನಾಗೈತ್ರಿ ವೈನಿ?" ಅಂತ ಇಂದ್ರಾಬಾಯಿ ಕಡಿ ತಿರುಗಿದ.

"ಮೂರು ದಿನಾತು ತಲಿ ಸಿಡೀತೈತಿ ಅಂತಾಳ. ಕಣ್ಣ ಮುಂದ ಮಿಂಚುಹುಳ ಹಾರ್ಯಾಡ್ತಾವಂತ. ಮಾರಿ ನೋಡು, ಕೈ ನೋಡು."

ಆಂವ ಪೂನಮನ ಕಾಲು ನೋಡಿದ. ಕಾಲುಂಗುರ ಬೆರಳಿನ್ಯಾಗ ಹೂತು ಕಾಣದಂಗ ಆಗಿದ್ವು. ಹೆಚ್ಚಿಗಿ ಹವಾ ತುಂಬಿದ ಟ್ಯೂಬ ಹ್ಯಾಂಗ ಇರತೈತಿ ಅಂತ ಅವಗ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಕ್ಕ ಸರಿ ಅಂತ ಅವನ ಮೈಯೆಲ್ಲಾ ಹೇಳಿತು.

"ಹಳ್ಳ ದಾಟೂವಾಗ ಬಡದೈತಿ," ಅಂದ ಮಲಕಾಜಪ್ಪ. "ತಾಯತ ಕಟ್ಟೂ ಮುದುಕಗ ಹೇಳಿ ಕಳಿಸೀನಿ. ದವಾಖಾನಿ ದವಾಖಾನಿ ಅಂತ ಇಕಿ ಅವ್ವ ಗಂಟು ಬಿದ್ದಾಳ. ನನ್ನ ತಂಗಿ ಹಂಗ ಹೆರಿಗಿಗಿ ದವಾಖಾನಿಗಿ ಹೋದಾಕಿ, ಬಟ್ಟಿಯಾಗ ಸುತ್ತಿಸಿಕೊಂಡು ಬಂದ್ಲು. ನಾನ ಹೊತಗೊಂಡು ಬಂದೀನಿ. ನೀ ಅಳದು ಹೇಳು, ಗಾಳಿ ಐತೋ ಇಲ್ಲೋ." ಅಷ್ಟರಾಗ ಅವನ ಕಣ್ಣು ಟೇಬಲ್ಲಿನ ಮ್ಯಾಲ ಬಿತ್ತು. ಮಧ್ಯಾಹ್ನದ ಹಗರ ಹವಾಕ್ಕ ಮುಳ್ಳು ಎಂದಿನಂಗ ಒಂದು ಗೆರಿ ಏರಿ ನಿಂತಿತ್ತು. "ಸರದೈತಿ! ನೋಡಿಲ್ಲಿ, ಸರದೈತಿ!"

ಅಡಕತ್ತರಿಯಾಗ ಸಿಕ್ಕ ಅಡಿಕಿಯಂಗ ಆತು ಮುಕ್ತಾರಂದು. ಗಾಳಿ ಐತಿ ಅಂದ್ರ ತಾಯತ. ಇಲ್ಲ ಅಂದ್ರ ಮನಿಗಿ ಹೋಗಿ ಮಲಗೂದು. ದವಾಖಾನಿ ಅಂದ್ರ ಮಲಕಾಜಪ್ಪನ ಸಿಟ್ಟು. ಯಾವುದು ಹೇಳಿದ್ರೂ, ನಾಳಿ ಹುಡುಗಿಗಿ ಏನರ ಆತು ಅಂದ್ರ, ನದಾಫನ ಮಾತು ಕೇಳಿ ಹಿಂಗಾತು ಅಂತ ಊರೆಲ್ಲಾ ಅಂತೈತಿ. ಕುತ್ತಿಗಿಗಿ ಬರತೈತಿ. ತಾ ಯಾಕ ಈ ಅಂಗಡಿ ಇಟ್ಟೆ, ಯಾಕ ಆ ಬಾಟಲಿ ಮುಟ್ಟಿದೆ ಅಂತ ಅನಿಸಿತು.

"ಮಶಿನ್ ಇವತ್ತ ಸರಿ ಇಲ್ಲಣ್ಣಾ," ಅಂದ. "ತಾನ ಹಂಗ ಸರದೈತಿ. ನಾಳಿ ಮುಂಜಾನಿ ಬರ್ರಿ, ತಿದ್ದಿ ಇಟ್ಟಿರ್ತೀನಿ."

ಇಂದ್ರಾಬಾಯಿ ಅವನ ಮಾರಿ ಒಂದು ಗಳಿಗಿ ನೋಡಿದ್ಲು. ಮಗಳ ರಟ್ಟಿ ಹಿಡದು ತಿರುಗಿದ್ಲು. ಮೂವರೂ ಬಂದ ದಾರಿ ಹಿಡದ್ರು. ಪೂನಮ ಎರಡು ಸಲಾ ರಸ್ತೆದಾಗ ನಿಂತು ತಲಿ ಹಿಡಕೊಂಡಿದ್ದು ಅಂಗಡಿಯಿಂದ ಕಾಣತಿತ್ತು.

ಹೊತ್ತು ಮುಳುಗೂ ಮೊದಲ ಶಮಾನ ಮುಂದ ಎಲ್ಲಾ ಹೇಳಿದ. ಹೇಳಿ ಹಗರಾಗೂಣಂತ ಹೇಳಿದ್ದು. ಶಮಾ ಹಿಟ್ಟಿನ ಕೈ ಹಂಗ ಹಿಡಕೊಂಡು ಎದ್ದು ನಿಂತ್ಲು.

"ಕಣ್ಣ ಮುಂದ ಮಿಂಚು ಅಂದ್ಲೇನು? ಮಾರಿ ಬಾತಿತ್ತೇನು? ಯಾ ಅಲ್ಲಾ! ನಮ್ಮ ಯಾಸ್ಮಿನಗ ಹಿಂಗ ಆಗಿತ್ತಲ್ಲರಿ. ಮರುದಿನಾನ ಫೀಟ್ಸು ಬಂತು. ಮಿರಜಿನ ಡಾಕ್ಟರು ಕೈ ಚೆಲ್ಲಿದ್ರು, ಏನೋ ನಮ್ಮ ನಸೀಬ ಉಳದ್ಲು. ಅದು ಗಾಳಿ ಅಲ್ಲ, ಬೀಪಿ ಅದು! ಏಳ್ರಿ, ಸೈಕಲ್ ತಗೀರಿ, ಈಗಿಂದೀಗ ಹೋಗಿ ಹೇಳಿ ಬರ್ರಿ."

ಯಾಸ್ಮಿನ ಶಮಾನ ತಂಗಿ. ಆಕಿ ಹದಿನೈದು ದಿನಾ ಎಚ್ಚರಿಲ್ಲದ ಬಿದ್ದಿದ್ದು ಮುಕ್ತಾರಗೂ ನೆನಪಿತ್ತು. ಸೈಕಲ್ ತಗದ. ವಸ್ತಿ ದಾರಿ ಹಿಡದ. ಅರ್ಧಾ ದಾರ್ಯಾಗ ಮಲಕಾಜಪ್ಪನ ಕುರಿ ಹಟ್ಟಿಯ ನಾಯಿ ಎರಡು ಬೊಗಳಕೋತ ಬಂದ್ವು. ಆಂವ ಸೈಕಲ್ ತಿರುವಿದ. ನಾಯಿ ಒಂದ ನೆವಾ. ನಾಯಿ ಇರಲಿಲ್ಲಂದ್ರೂ ಆಂವ ತಿರುವತಿದ್ದ. ಹೆಣ್ಣುಮಗಳ ಬಸುರಿನ ಮಾತು ಹೊರಗಿನ ಗಂಡಸು ಹೋಗಿ ಅವರ ಅಂಗಳದಾಗ ನಿಂತು ಹೆಂಗ ಹೇಳ್ಯಾನು? ಮುಂಜಾನಿ ಹೆಂಗೂ ಬರ್ತಾರಲ್ಲ ಅಂತ ತನಗ ತಾನ ಸಮಾಧಾನ ಹೇಳ್ಕೊಂಡ. ಮನಿಗಿ ಬಂದು ಶಮಾಗ, "ಹೇಳಿ ಬಂದೆ" ಅಂತ ಸುಳ್ಳ ಹೇಳಿದ.

ಮುಂಜಾನಿ ಹತ್ತಾದ್ರೂ ಯಾರೂ ಬರಲಿಲ್ಲ. ಮುಕ್ತಾರ ಒಂದ ಪಂಕ್ಚರು ಮೂರು ಸಲಾ ತಿದ್ದಿದ. ಹತ್ತೂವರಿಗಿ ಎತ್ತಿನ ಗಾಡಿ ಬಂತು. ಪೂನಮ ಗಾಡ್ಯಾಗ ಮಲಗಿದ್ಲು, ನಡಿಯೂ ಹಂಗ ಇರಲಿಲ್ಲ. ಕಣ್ಣಿನ ರೆಪ್ಪಿ ಬಾತು ಕಣ್ಣು ಗೀಟಿನಂಗ ಕಾಣತಿದ್ವು. ಇಂದ್ರಾಬಾಯಿ ಮಗಳ ತಲಿ ತೊಡಿ ಮ್ಯಾಲ ಇಟ್ಕೊಂಡು ಸುಮ್ಮನ ಕುಂತಿದ್ಲು.

"ತಿದ್ದಿಯೇನು? ಅಳಿ," ಅಂದ ಮಲಕಾಜಪ್ಪ.

ಮುಕ್ತಾರ ಡಬ್ಬಿ ಹಿಡಕೊಂಡು ಗಾಡಿ ಹತ್ರ ಹೋದ. ಹೊತ್ತೇರಿದ ಹವಾ, ಭಾರ ಹವಾ. ಮುಳ್ಳು ಸೊನ್ನಿ ಮ್ಯಾಲ ಕಲ್ಲಿನಂಗ ನಿಂತಿತ್ತು. ಕಾಜಿನ ಮ್ಯಾಲ ಬೆರಳಿಲೆ ತಟ್ಟಿದ. ಕದಲಲಿಲ್ಲ. ಮಲಕಾಜಪ್ಪ ಬಗ್ಗಿ ನೋಡಿದ, ಮತ್ತೊಮ್ಮಿ ನೋಡಿದ, ಉಸ್ಸಂತ ಉಸಿರು ಬಿಟ್ಟ. ನಿನ್ನೆಯಿಂದ ಬಿಗಿದಿದ್ದ ಅವನ ಮಾರಿ ಸಡಿಲಾತು.

"ಇಲ್ಲ! ಗಾಳಿ ಇಲ್ಲ! ನಾ ಸುಳ್ಳಸುಳ್ಳ ಅಂಜಿದ್ನಲ್ಲ. ಬಸುರಿಗಿ ತಲಿಬ್ಯಾನಿ ಇದ್ದದ್ದ. ನಡೀರಿ ಮನಿಗಿ, ಮಜ್ಜಿಗಿ ಕುಡಿದು ಮಲಗಲಿ." ಎತ್ತಿನ ಹಗ್ಗಕ್ಕ ಕೈ ಹಾಕಿದ.

ಆವಾಗ ಮುಕ್ತಾರಗ ಆದ ಅಂಜಿಕಿ ಅವನ ಜನ್ಮದಾಗ ಆಗಿರಲಿಲ್ಲ. ಇಷ್ಟು ದಿನಾ ಅಂಜಿದ್ದು ತನ್ನ ಮೈಗಿ, ತನ್ನ ಮಾನಕ್ಕ. ಈಗ ಆ ಗೀಟಿನಂಥಾ ಕಣ್ಣು ನೋಡಿ ಅಂಜಿದ. ಗಾಡಿ ತಿರುಗಿದ್ರ ಈ ಹುಡುಗಿ ಸಾಯ್ತಾಳ. ನಾ ನೋಡ್ಕೋತ ನಿಂತೀನಿ, ಸಾಯ್ತಾಳ. ಅವನ ಹೆಬ್ಬಟ್ಟು ತಾನ ಹೋಗಿ ಮಗ್ಗಲಿನ ತಿರುಪಿನ ಮ್ಯಾಲ ಕುಂತಿತು.

"ತಡೀರಿ ಅಣ್ಣಾ," ಅಂದ. ಕೆಮ್ಮಿ ಮತ್ತೊಮ್ಮಿ ಅಂದ. "ತಡೀರಿ! ಈಗ ಹಿಡ್ಯಾಕ ಹತ್ತೈತಿ!"

ಮುಳ್ಳು ಎದ್ದಿತು. ಐನೂರು, ಸಾವಿರ, ಎರಡು ಸಾವಿರ. ಮೂರರ ಹತ್ರ ಬಂದು ನಿಂತಿತು. ಮಲಕಾಜಪ್ಪ ಹಗ್ಗ ಬಿಟ್ಟು ಎರಡು ಹೆಜ್ಜಿ ಹಿಂದ ಸರಿದ. "ಏನಂತೈತಿ?"

"ಮೂರು ಸಾವಿರ, ಅಣ್ಣಾ. ತಾಯತಕ್ಕ ಹೋಗೂ ಗಾಳಿ ಸಾವಿರದೊಳಗಿಂದು. ಇದು ಮೂರು ಸಾವಿರದ್ದು. ಇದು ದವಾಖಾನಿ ಸೂಜಿಗಿ ಅಷ್ಟ ಹೋಗತೈತಿ. ಈಗ ಹೋಗಬೇಕು, ಈಗ!" ಎಲ್ಲಿಂದ ಬಂತೋ ಮಾತು, ಯಾರು ಆಡ್ಸಿದ್ರೋ.

ಮಲಕಾಜಪ್ಪ ಒಮ್ಮಿ ಮಗಳನ್ನ, ಒಮ್ಮಿ ಮುಳ್ಳನ್ನ ನೋಡಿದ. ಅಷ್ಟರಾಗ ಜತ್ತಕ್ಕ ಸೀಟಿನ ಲೆಕ್ಕದಾಗ ಓಡೂ ವಡಾಪ ಜೀಪು ಮಂದಿ ತುಂಬ್ಕೊಂಡು ಬರಾಕ ಹತ್ತಿತ್ತು. ಅಂಗಡಿ ಹಿಂದಿನ ಮನಿಯಿಂದ ಎಲ್ಲಾ ನೋಡ್ತಿದ್ದ ಶಮಾ ಓಡಿ ಬಂದು ರಸ್ತೆದ ನಡಬರಕ ಎರಡೂ ಕೈ ಚಾಚಿ ನಿಂತ್ಲು. ಇದ್ದ ಮಂದೀನೆಲ್ಲಾ ಬೈದು ಬೈದು ಇಳಿಸಿ ಪೂನಮನ್ನ ಹಿಂದಿನ ಸೀಟಿನ ಮ್ಯಾಲ ಮಲಗಿಸಿದ್ಲು.

"ನೀನೂ ಹತ್ತು, ಮಶಿನ್ ತಗೊಂಡು ಹತ್ತು," ಅಂತ ಮಲಕಾಜಪ್ಪ ಮುಕ್ತಾರನ ರಟ್ಟಿ ಹಿಡದು ಎಳೆದ.

ಜತ್ತ ಒಂದು ತಾಸಿನ ದಾರಿ. ಅರ್ಧಾ ಹೋಗೂದ್ರಾಗ ಪೂನಮನ ಕೈ ಸೆಟದ್ವು. ಕಣ್ಣು ಮ್ಯಾಲ ಹೋದ್ವು, ಹಲ್ಲು ಕಚ್ಚಿದ್ಲು, ಮೈ ಜೀಪಿನ ಸೀಟಿಗಿ ಬಡಕೊಳ್ಳಾಕ ಹತ್ತಿತು. ಇಂದ್ರಾಬಾಯಿ "ಯವ್ವಾ, ನನ್ನ ಮಗಳ!" ಅಂತ ಆಕಿ ಮ್ಯಾಲ ಬಿದ್ದು ಒತ್ತಿ ಹಿಡದ್ಲು.

"ಗಾಳಿ! ಇದು ಗಾಳೀನ!" ಮಲಕಾಜಪ್ಪ ಚೀರಿದ. "ತಿರುವೋ ಜೀಪ! ದವಾಖಾನ್ಯಾಗ ಇದಕ್ಕ ಔಷಧ ಎಲ್ಲಿಂದು? ತಿರುವು, ಮುದುಕನ ಕಡಿ ತಿರುವು!"

ಡ್ರೈವರನ ಕಾಲು ಬ್ರೇಕಿನ ಮ್ಯಾಲ ಹೋತು. ಜೀಪು ಸಾವಕಾಶ ಆತು. ಮುಕ್ತಾರ ಡಬ್ಬಿ ಎತ್ತಿ ಮಲಕಾಜಪ್ಪನ ಮೂಗಿನ ಮುಂದ ಹಿಡದ. ಹೆಬ್ಬಟ್ಟು ತಿರುಪು ಹುಡಿಕ್ಯಾಡಿತು.

"ಇಳ್ಯಾಕ ಹತ್ತೈತಿ ಅಣ್ಣಾ! ನೋಡ್ರಿಲ್ಲಿ, ಮೂರು ಸಾವಿರ ಇದ್ದದ್ದು ಎರಡೂವರಿಗಿ ಬಂತು! ಜತ್ತ ಹತ್ರ ಬಂದಂಗ ಬಿಡಾಕ ಹತ್ತೈತಿ. ಅದಕ್ಕ ಹಿಂಗ ಒದ್ದಾಡತೈತಿ. ಈಗ ತಿರುವಿದ್ರ ಮತ್ತ ಏರತೈತಿ, ನಿಮ್ಮ ಕಾಲು ಬೀಳ್ತೀನಿ, ತಿರುವಬ್ಯಾಡ್ರಿ!"

ಮಲಕಾಜಪ್ಪ ಮುಳ್ಳಿಗಿ ಕಣ್ಣು ನೆಟ್ಟ. "ಹೊಡಿ," ಅಂದ ಡ್ರೈವರಗ. "ಲಗೂನ ಹೊಡಿ." ಅಲ್ಲಿಂದ ಜತ್ತದ ತನಕ ಮುಕ್ತಾರ ಒಂದೊಂದು ಕೂದಲೆಳಿ ಅಷ್ಟ ಮುಳ್ಳು ಇಳಿಸಿದ. ಎರಡು ಸಾವಿರ, ಹದಿನೆಂಟುನೂರು, ಹದಿನೈದುನೂರು. ಮಗಳ ಮೈ ಬಡಕೊಳ್ಳೂದು ನಿಂತು ಗೊರಗೊರ ಉಸಿರು ಶುರುವಾತು. ಅಪ್ಪ ಮಗಳ ಕಡಿ ನೋಡಲಿಲ್ಲ, ಮುಳ್ಳು ನೋಡ್ಕೋತ ಕುಂತ. ತಾಯಿ ಮುಳ್ಳಿನ ಕಡಿ ನೋಡಲಿಲ್ಲ.

ದವಾಖಾನ್ಯಾಗ ಡಾಕ್ಟರಬಾಯಿ ಓಡಿ ಬಂದು ಪೂನಮನ ರಟ್ಟಿಗಿ ಪಟ್ಟಿ ಸುತ್ತಿ, ರಬ್ಬರ ಬುಡ್ಡಿ ಒತ್ತಿ, ದುಂಡನ ಡಬ್ಬಿಯೊಳಗಿನ ಮುಳ್ಳು ನೋಡಿದ್ರು. ಮಲಕಾಜಪ್ಪ ಮುಕ್ತಾರನ ಕಿವಿಯಾಗ, "ಇವರ ಹತ್ರಾನೂ ಐತಲ್ಲ ಮಶಿನ್" ಅಂದ. ಆಮ್ಯಾಲ ಅವರು ಎಲ್ಲಿ ಹೇಳಿದ್ರೂ ಅಲ್ಲಿ ಹೆಬ್ಬಟ್ಟು ಒತ್ತಿದ. ಸೂಜಿ ಹಾಕಿ, ಗಾಡಿ ಮಾಡಿ ಮಿರಜಿಗಿ ಕಳಿಸಿದ್ರು. ಕಳಿಸೂವಾಗ ಡಾಕ್ಟರಬಾಯಿ ಮರಾಠ್ಯಾಗ ಒಂದು ಮಾತು ಅಂದ್ರು: ನಿನ್ನೆನ ತಂದಿದ್ರ ಕೂಸಿನ ಎದಿ ಸಪ್ಪಳ ಚಲೋ ಸಿಗತಿತ್ತು. ಮುಕ್ತಾರಗ ಎಡಗಿವಿ ಸರಿ ಕೇಳ್ತಿರಲಿಲ್ಲ. ಆ ಮಾತು ಬಲಗಿವಿಗಿ ಬಿತ್ತು.

ಮಿರಜಿನ್ಯಾಗ ಹುಟ್ಟಿದ್ದು ಗಂಡು ಕೂಸು. ಅಳಲಿಲ್ಲ. ಪೂನಮ ಮೂರನೇ ದಿನಾ ಕಣ್ಣು ತಗದು ನೀರು ಕೇಳಿದ್ಲು.

ಊರಾಗ ಮುಕ್ತಾರನ ಹೆಸರು ಹಾಡಿ ಹೊಗಳಾಕ ಹತ್ತಿದ್ರು. ಗಾಳಿ ಹಿಡದ ಮನಿಷ್ಯಾ, ಜೀವಾ ಉಳಿಸಿದ ಮನಿಷ್ಯಾ! ಮುಂಜಾನಿ ಅಂಗಡಿ ತಗೀಬೇಕಂದ್ರ ಕಟ್ಟಿ ಮ್ಯಾಲ ಮಂದಿ. ಒಬ್ಬಾಕಿ ಅಳೂ ಕೂಸು ತಂದಿದ್ಲು, ಒಬ್ಬಾಂವ ನೆಲಾ ಹಿಡದ ಅವ್ವನ್ನ ಹೊತಗೊಂಡು ಬಂದಿದ್ದ. ಮುಕ್ತಾರ ಡಬ್ಬಿ ಹೊರಗ ತಗೀಲಿಲ್ಲ. ಎಲ್ಲಾರಿಗೂ ದವಾಖಾನಿ, ದವಾಖಾನಿ ಅಂದ. ನಾಕನೇ ದಿನಾ ಡಬ್ಬಿ ಒಯ್ದು ಗುರೂಜಿ ಕೈಯಾಗ ಕೊಟ್ಟು, ಸಾಲಿ ಕಪಾಟಿನ್ಯಾಗ ಕೀಲಿ ಹಾಕಿಡ್ರಿ ಅಂದ.

"ಪ್ರದರ್ಶನ ಎಂಟು ದಿನಾ ಉಳದೈತಿ. ಎತ್ತರ ಯಾತರಿಲೆ ಅಳೆಯೂದೋ ಮತ್ತ?" ಅಂದ್ರು ಗುರೂಜಿ.

"ಕೋನಮಾಪಕ ಸಾಕ್ರಿ. ಅದಕ್ಕ ಬಿಟ್ಟಿ ಸಿಕ್ಕ ದಾರ, ನಟ್ಟು. ಹೆಚ್ಚು ಕಮ್ಮಿ ಹೇಳ್ಲಿ, ಪಾಪ, ಕೇಳಿದ್ದಕ್ಕಷ್ಟ ಹೇಳತೈತಿ. ಬಯಲಾಗ ನಾ ನಿಂದರ್ತೀನಿ." ಆ ರವಿವಾರ ಗೋಡಿ ಬಿಟ್ಟು ಐವತ್ತು ಹೆಜ್ಜಿ ದೂರ ಬಯಲಾಗ ನಿಂತು ಕೋನ ಓದಿದ. ನೂರಾ ಹತ್ತು ಫೂಟ ಅಂತ ಲೆಕ್ಕ ಬಂತು. ಇಬ್ಬರೂ ಜಗಳಾಡ್ಲಿಲ್ಲ.

ಹದಿನೈದು ದಿನದ ಮ್ಯಾಲ ಪೂನಮ ತವರಿಗಿ ಬಂದಾಳಂತ ಸುದ್ದಿ ಬಂತು. ಮುಕ್ತಾರ ಎರಡು ದಿನಾ ಅನ್ನಾ ಬಿಟ್ಟ. ಮೂರನೇ ದಿನಾ ಮುಂಜಾನಿ ಸೈಕಲ್ ತಗದು ವಸ್ತಿಗಿ ಹೋದ. ನಾಯಿ ಬೊಗಳಿದ್ವು, ಆಂವ ಇಳೀಲಿಲ್ಲ. ಮಲಕಾಜಪ್ಪ ಕುರಿ ಹೊಡಕೊಂಡು ಹೋಗಿದ್ದ. ಇಂದ್ರಾಬಾಯಿ ಅಂಗಳದಾಗ ಜ್ವಾಳ ಹಸನ ಮಾಡಾಕ ಕುಂತಿದ್ಲು.

"ಬಾರೋ ತಮ್ಮಾ, ಕುಂದರ್ ಬಾ."

ಆಂವ ಕುಂದರ್ಲಿಲ್ಲ. "ವೈನಿ, ಒಂದು ಮಾತು ಹೇಳಾಕ ಬಂದೀನಿ. ಆ ಮಶಿನ್ನಿಗಿ ಗಾಳಿ ಗೀಳಿ ಏನೂ ತಿಳಿಯೂದಿಲ್ಲ. ನಾನ ತಿರುಪು ತಿರುವಿದ್ದೆ. ಸುಳ್ಳ ಹೇಳಿದೆ ನಿಮಗ."

"ನೋಡಿದ್ನಲ್ಲೋ," ಅಂದ್ಲು ಇಂದ್ರಾಬಾಯಿ. ಮರದಾಗಿನ ಜ್ವಾಳ ಕೇರೂದು ಬಿಡಲಿಲ್ಲ. "ಗಾಡಿ ಮ್ಯಾಲ ಕುಂತಿದ್ದೆ, ನಿನ್ನ ಹೆಬ್ಬಟ್ಟು ನನ್ನ ಕಣ್ಣ ಮುಂದ ಇತ್ತು. ಮಶಿನ್ ನಂಬಿ ಬಂದಾಕಿ ನಾ ಅಲ್ಲ. ಮೂರು ದಿನಾ ಬಡಕೊಂಡೆ, ದವಾಖಾನಿಗಿ ಒಯ್ಯೂಣು ಅಂತ. ಹೆಂಗಸಿನ ಮಾತು ಯಾರು ಕೇಳ್ತಾರ? ಮಶಿನ್ ಹೇಳಿದ್ರ ಇವರು ಕೇಳ್ತಾರ ಅಂತ ನಾನ ಗಂಟು ಬಿದ್ದು ಕರ್ಕೊಂಡು ಬಂದಿದ್ದೆ. ಮುಕ್ತಾರ ಅಂಜುಬುರುಕ, ನಾಯಿಗಿ ಅಂಜೂ ಮನಿಷ್ಯಾ, ಬಸುರಿ ಬಾತಿದ್ದು ಕಂಡ್ರ ಅಂಜಿ ದವಾಖಾನಿ ಅಂತಾನ, ಮತ್ತೇನೂ ಅನ್ನಾಕ ಅವಗ ಧೈರ್ಯ ಆಗೂದಿಲ್ಲ ಅಂತ ಲೆಕ್ಕಾ ಹಾಕಿದ್ದೆ."

ಇಂದ್ರಾಬಾಯಿ ಮರ ಕೆಳಗಿಟ್ಟು ಅವನ ಮಾರಿ ನೋಡಿದ್ಲು. ಕಣ್ಣಾಗ ನೀರು ಬಂದಿದ್ವು, ಒರಿಸಿಕೊಳ್ಳಲಿಲ್ಲ.

"ಖರೆ ಮೊದಲನೇ ದಿನಾ ನೀ ನಿನ್ನ ಸಲುವಾಗಿ ಅಂಜಿದೆಯಲ್ಲೋ ತಮ್ಮಾ. ನನ್ನ ಮಗಳ ಸಲುವಾಗಿ ಒಂದೀಟು ಅವತ್ತ ಅಂಜಿದ್ರ, ಕೂಸು ಈ ಅಂಗಳದಾಗ ಇರ್ತಿತ್ತು."

ಒಳಗಿಂದ ಪೂನಮ, "ಅವ್ವಾ, ಯಾರು ಬಂದಾರ?" ಅಂದ್ಲು.

"ನಿನ್ನ ಜೀವಾ ಉಳಿಸಿದಾಂವ ಬಂದಾನ, ಬಾ," ಅಂದ್ಲು ಇಂದ್ರಾಬಾಯಿ.

ಬರಬ್ಯಾಡ ಅಂತ ಮುಕ್ತಾರನ ಜೀವಾ ಚೀರಿತು. ಪೂನಮ ಬಾಗಲ ಹಿಡಕೊಂಡು ಸಾವಕಾಶ ಹೊರಗ ಬಂದ್ಲು. ಮಾರಿ ಇಳಿದು ಮೊದಲಿನಂಗ ಆಗಿತ್ತು. ಕೈಯಾಗ ಏನೂ ಇರಲಿಲ್ಲ. ಆಕಿ ಬಗ್ಗಿ ಎರಡೂ ಕೈಲೆ ಅವನ ಕಾಲು ಮುಟ್ಟಿದ್ಲು, ಆಂವ ಕಾಲು ಹಿಂದ ತಗೀಬೇಕಂದ, ತಗ್ಯಾಕ ಆಗಲಿಲ್ಲ.